ಪಂಚಾಶತ್ತಮದ ನಂತರವೂ ಪೇತ್ರನು ಹೆದರಿದ್ದೇಕೆ?

ಭಾನುವಾರ_ಶಾಲೆ

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಭಾನುವಾರ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಪಾಠ ಹೇಳುವುದು ನನ್ನ ಪಾಲಿಗೆ ಬಂದಿದೆ. ಕಳೆದ ಆರು ವಾರಗಳಿಂದ ಅಪೊಸ್ತಲನಾದ ಪೇತ್ರನ ಬದುಕನ್ನು ಮೊದಲಿನಿಂದ ಓದಿಸುತ್ತಿದ್ದೇನೆ. ಪಾಠದ ಹಾದಿ ನನಗೆ ಸರಳವಾಗಿಯೇ ಕಂಡಿತ್ತು. ಗಲಿಲಾಯದ ಮೀನುಗಾರ ಸೀಮೋನನು ದುಡುಕಿನ ಮನುಷ್ಯ. ಮಹಾಯಾಜಕನ ಅಂಗಳದಲ್ಲಿ ಮೂರು ಸಲ ತನ್ನ ಗುರು ಯೇಸುವನ್ನು ಅರಿಯೆನೆಂದು ಹೇಳಿ ಹೊರಗೆ ಹೋಗಿ ಅತ್ತವನು. ಆಮೇಲೆ ಕ್ಷಮೆ ಪಡೆದು, ಪಂಚಾಶತ್ತಮ ದಿನದಲ್ಲಿ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದುಬಂದ ದಿನದಲ್ಲಿ, ಎದ್ದು ನಿಂತು ಮಾತನಾಡಿದಾಗ ಸುಮಾರು 3000 ಜನರು ದೀಕ್ಷಾಸ್ನಾನ ಪಡೆದರು. ಅಲ್ಲಿಂದ ಮುಂದೆ ಅವನು ಅಲುಗಾಡದ ಬಂಡೆ. ಕಪ್ಪು ಹಲಗೆಯ ಎಡಗಡೆ 'ಸೀಮೋನ' ಎಂದೂ ಬಲಗಡೆ 'ಪೇತ್ರ' ಎಂದೂ ಬರೆದು ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದು, ಒಂದೊಂದೇ ಘಟನೆಯನ್ನು ಮಕ್ಕಳಿಂದಲೇ ಹೇಳಿಸಿ ಅದರದರ ಕಡೆ ಬರೆಯುತ್ತಾ ಬಂದಿದ್ದೆ.

ಕಳೆದ ಭಾನುವಾರ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಮನೆಯಲ್ಲಿಯೇ ಓದಿಕೊಂಡು ಬಂದಿದ್ದಳು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಸಂಗಡ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ಹಿರಿಯನಾದ ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ ಪಂಕ್ತಿಯಿಂದ ಹಿಂದೆ ಸರಿದದ್ದನ್ನೂ, ಪೌಲನು ಅವನನ್ನು ಎಲ್ಲರ ಮುಂದೆ ಮುಖಾಮುಖಿಯಾಗಿ ಖಂಡಿಸಿದ್ದನ್ನೂ ತೋರಿಸಿ, "ಟೀಚರ್, ಇದನ್ನು ಗೆರೆಯ ಯಾವ ಕಡೆ ಬರೆಯಬೇಕು?" ಎಂದು ಕೇಳಿದಳು.

ಸೀಮೆಸುಣ್ಣ ನನ್ನ ಕೈಯಲ್ಲಿಯೇ ಉಳಿಯಿತು. ಮುಂದಿನ ವಾರ ನೋಡೋಣ ಎಂದು ಹೇಳಿ ಕಳುಹಿಸಿದೆ. ಅವಳ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅಷ್ಟೆಲ್ಲ ಕಂಡು, ಅಷ್ಟೆಲ್ಲ ಪಡೆದ ಮೇಲೆ ಅದೇ ಭಯ ಅದೇ ಮನುಷ್ಯನಲ್ಲಿ ಮತ್ತೆ ತಲೆಯೆತ್ತಿತು ಎಂದಾದರೆ, ಅವನು ಆತ್ಮಿಕವಾಗಿ ಬೆಳೆದ ಎಂದು ನಾವು ಯಾವ ಅರ್ಥದಲ್ಲಿ ಹೇಳುತ್ತೇವೆ?

ಗ್ರೀಕ್_ಪಾಠ

ಟೀಚರ್, ಆ ಹುಡುಗಿಗೆ ನನ್ನ ಅಭಿನಂದನೆಯನ್ನು ತಪ್ಪದೇ ತಿಳಿಸಿ. ತೊಂದರೆ ಇರುವುದು ಪೇತ್ರನಲ್ಲಿ ಅಲ್ಲ, ಹಲಗೆಯ ಮೇಲಿನ ಗೆರೆಯಲ್ಲಿ ಎಂದು ನನಗೆ ತೋರುತ್ತದೆ. ಸೀಮೋನ ಎಂಬವನು ಮುಗಿದು ಪೇತ್ರ ಎಂಬವನು ಆರಂಭವಾಗುವ ದಿನ ಎಂಬುದೊಂದನ್ನು ಸುವಾರ್ತೆಗಳು ಹೇಳುವುದೇ ಇಲ್ಲ. ಯೋಹಾನನು ಬರೆದ ಸುವಾರ್ತೆಯ ಪ್ರಕಾರ ತಮ್ಮನೋ ಅಣ್ಣನೋ ಆದ ಅಂದ್ರೆಯನು ಅವನನ್ನು ಕರೆತಂದ ಮೊದಲನೆಯ ಭೇಟಿಯಲ್ಲಿಯೇ, ಅವನು ಇನ್ನೂ ಬಾಯಿ ತೆರೆಯುವ ಮೊದಲೇ, 'ಕೇಫ' ಎಂಬ ಹೆಸರು ಸಿಕ್ಕಿತು. ಅರಾಮಿಕ್ ಭಾಷೆಯ ಕೇಫ, ಗ್ರೀಕಿನ ಪೆತ್ರೋಸ್, ಎರಡೂ ಬಂಡೆಗೆ ಸಂಬಂಧಿಸಿದ ಮಾತುಗಳೇ. ಅಂದರೆ ಆ ಹೆಸರು ಅವನ ಸಾಧನೆಗೆ ಕೊಟ್ಟ ಬಿರುದಲ್ಲ, ಮೊದಲೇ ಕೊಟ್ಟಿದ್ದ ಮಾತು.

ಹಾಗೆಯೇ ಹಳೆಯ ಹೆಸರೂ ಅವನನ್ನು ಬಿಟ್ಟು ಹೋಗಲಿಲ್ಲ. ಯೇಸುವನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಿದ್ದೆಹೋದವನನ್ನು ಯೇಸು ಎಬ್ಬಿಸುವಾಗ ಕರೆದದ್ದು "ಸೀಮೋನನೇ" ಎಂದು. ಪುನರುತ್ಥಾನದ ನಂತರ ಕೆರೆಯ ದಡದಲ್ಲಿ ಮೂರು ಸಲವೂ ಕರೆದದ್ದು "ಯೋಹಾನನ ಮಗನಾದ ಸೀಮೋನನೇ" ಎಂದು. ಯೆರೂಸಲೇಮಿನ ಸಭಾ ಹಿರಿಯರೆಲ್ಲ ಸೇರಿದ್ದಾಗಲೂ ಯಾಕೋಬನು ಅವನನ್ನು ಸಿಮೆಯೋನನೆಂದೇ ಹೆಸರಿಸುತ್ತಾನೆ. ಎರಡು ಹೆಸರುಗಳೂ ಒಬ್ಬನ ಮೈಮೇಲೆಯೇ ಕೊನೆಯವರೆಗೆ ಇದ್ದವು.

ಹಳೇದಾರಿ

ಗ್ರೀಕ್_ಪಾಠ ಅವರೇ, ಹೆಸರಿನ ವಿಷಯ ಚೆನ್ನಾಗಿದೆ, ಆದರೆ ಅದರ ಮರೆಯಲ್ಲಿ ಆ ಮಗುವಿನ ಪ್ರಶ್ನೆ ಜಾರಿಹೋಗಬಾರದು. ಅಂತಿಯೋಕ್ಯದ ತಪ್ಪು ಅಂಗಳದ ತಪ್ಪಿಗಿಂತ ದೊಡ್ಡದು ಎಂಬುದೇ ನನ್ನ ವಾದ. ಅಂಗಳದಲ್ಲಿ ಅವನ ಪ್ರಾಣಕ್ಕೆ ಅಪಾಯವಿತ್ತು. ಕೆಲವೇ ಗಳಿಗೆಗಳ ಹಿಂದೆ ಮಹಾಯಾಜಕನ ಆಳಾದ ಮಲ್ಕನ ಕಿವಿಯನ್ನು ಕತ್ತರಿಸಿ ಬಂದಿದ್ದವನು ಅದೇ ಮನೆಯವರ ನಡುವೆ ಬೆಂಕಿ ಕಾಯಿಸಿಕೊಳ್ಳುತ್ತಿದ್ದ, ಮಲ್ಕನ ಸಂಬಂಧಿಯೊಬ್ಬನು "ನಾನು ನಿನ್ನನ್ನು ತೋಟದಲ್ಲಿ ನೋಡಲಿಲ್ಲವೇ?" ಎಂದು ಕೇಳಿಯೂ ಬಿಟ್ಟ. ಅಂಥ ರಾತ್ರಿಯಲ್ಲಿ ಬಾಯಿಂದ ಸುಳ್ಳು ಬಂದರೆ ಅದನ್ನು ಅರ್ಥಮಾಡಿಕೊಳ್ಳಬಹುದು.

ಅಂತಿಯೋಕ್ಯದಲ್ಲಿ ಅಪಾಯದಲ್ಲಿದ್ದದ್ದು ಅವನ ಹೆಸರು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಆ ವಿಷಯದಲ್ಲಿ ಅವನಿಗೆ ತಿಳಿವಳಿಕೆ ಸಿಕ್ಕಾಗಿತ್ತು. ಯೊಪ್ಪದಲ್ಲಿ ತೊಗಲು ಹದಮಾಡುವ ಸೀಮೋನನ ಮನೆಯ ಮಾಳಿಗೆಯ ಮೇಲೆ ಮಧ್ಯಾಹ್ನ ಹಸಿದು ಪ್ರಾರ್ಥಿಸುತ್ತಿದ್ದಾಗ, ಶುದ್ಧ ಅಶುದ್ಧ ಎಲ್ಲ ಪ್ರಾಣಿಗಳನ್ನೂ ಹೊತ್ತ ದೊಡ್ಡ ಜೋಳಿಗೆ ಇಳಿದು ಬಂದದ್ದು ಒಂದು ಸಲವಲ್ಲ, ಮೂರು ಸಲ. ಆಮೇಲೆ ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟು, ದೇವರು ಪಕ್ಷಪಾತಿಯಲ್ಲ ಎಂದು ಅವನೇ ಸಾರಿದ. ಯೆರೂಸಲೇಮಿಗೆ ಬಂದಾಗ "ನೀನು ಸುನ್ನತಿಯಿಲ್ಲದವರ ಸಂಗಡ ಊಟಮಾಡಿದೆ" ಎಂದು ತಕರಾರು ಎತ್ತಿದವರಿಗೆ ಮೊದಲಿನಿಂದ ಕೊನೆಯವರೆಗೆ ವಿವರಿಸಿ ಅವರ ಬಾಯಿ ಮುಚ್ಚಿಸಿದವನೂ ಅವನೇ. ಇಷ್ಟಾದ ಮೇಲೆ ಎಲೆಯ ಮುಂದಿನಿಂದ ಎದ್ದು ಹೋದದ್ದನ್ನು ಪೌಲನು ಕಪಟ ಎಂಬ ಮಾತಿನಿಂದಲೇ ಕರೆದ. ಬಾರ್ನಬನಂಥ ಒಳ್ಳೆಯ ಮನುಷ್ಯನೂ ಆ ಸೆಳೆತಕ್ಕೆ ಸಿಕ್ಕಿದ. ಇದನ್ನು ಹಗುರವಾಗಿ ತೆಗೆದುಕೊಂಡರೆ ಆ ದಿನ ಪಂಕ್ತಿಯಲ್ಲಿ ಉಳಿದುಹೋದವರಿಗೆ ಅನ್ಯಾಯ ಮಾಡಿದಂತೆ ಆಗುತ್ತದೆ.

ಕಡಲಮಗ

ನಾನು ಪಂಡಿತನಲ್ಲ. ಕುಂದಾಪುರದ ಕಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿದವನು, ಈಗ ಊರು ಬಿಟ್ಟು ಬೇರೆ ಕೆಲಸದಲ್ಲಿದ್ದೇನೆ. ಪೇತ್ರನನ್ನು ಎಲ್ಲರೂ ದುಡುಕಿನವನು ಎಂದು ಕರೆಯುವುದನ್ನು ಕೇಳಿದಾಗಲೆಲ್ಲ ನನಗೆ ಒಂದು ಮಾತು ಹೇಳಬೇಕೆನಿಸುತ್ತದೆ.

ಲೂಕನ ಐದನೆಯ ಅಧ್ಯಾಯವನ್ನು ಬಲೆ ಹಿಡಿದ ಕೈಯಿಂದ ಓದಿ ನೋಡಿ. ರಾತ್ರಿಯೆಲ್ಲ ದುಡಿದು ಒಂದು ಮೀನೂ ಸಿಗದೆ ದಡಕ್ಕೆ ಬಂದಿದ್ದಾರೆ. ದೋಣಿಗಳನ್ನು ಬಿಟ್ಟಿಳಿದು ಬಲೆ ತೊಳೆಯುತ್ತಿದ್ದಾರೆ. ಬಲೆ ತೊಳೆಯುವುದು ಎಂದರೆ ನೀರಿನಲ್ಲಿ ಅದ್ದಿ ಎತ್ತುವುದಲ್ಲ. ಕಣ್ಣುಕಣ್ಣಿಗೂ ಸಿಕ್ಕಿಕೊಂಡ ಪಾಚಿ, ಕಸ, ಕಡ್ಡಿಗಳನ್ನು ಬೆರಳಿನಿಂದ ಬಿಡಿಸಬೇಕು; ಹರಿದ ಕಡೆ ಗುರುತು ಮಾಡಿ ಒಣಗಲು ಹರಡಬೇಕು. ನಮ್ಮಪ್ಪ ಬರಿಗೈಯಲ್ಲಿ ಬಂದ ದಿನ ಈ ಕೆಲಸ ಮುಗಿಸುವವರೆಗೆ ಯಾರ ಸಂಗಡವೂ ಮಾತನಾಡುತ್ತಿರಲಿಲ್ಲ, ಅಮ್ಮ ತಂದಿಟ್ಟ ಗಂಜಿ ಅಲ್ಲಿಯೇ ಆರುತ್ತಿತ್ತು. ಅಂಥ ಹೊತ್ತಿನಲ್ಲಿ ಬಡಗಿಯ ಮನೆಯಿಂದ ಬಂದ ಒಬ್ಬರು, ತೊಳೆದಿಟ್ಟ ಬಲೆಯನ್ನು ಹಗಲಿನಲ್ಲಿ ಮತ್ತೆ ಆಳಕ್ಕೆ ಇಳಿಸು ಎನ್ನುತ್ತಾರೆ. ಸೀಮೋನನು ತನ್ನ ಕಷ್ಟವನ್ನು ಮುಚ್ಚಿಡುವುದಿಲ್ಲ, ರಾತ್ರಿಯೆಲ್ಲ ಪ್ರಯಾಸಪಟ್ಟರೂ ಏನೂ ಸಿಗಲಿಲ್ಲ ಎಂದು ಹೇಳಿಯೇ ಬಿಡುತ್ತಾನೆ. ಆದರೆ ಅದೇ ಉಸಿರಿನಲ್ಲಿ, ನಿನ್ನ ಮಾತಿನ ಮೇಲೆ ಬಲೆಗಳನ್ನು ಹಾಕುತ್ತೇನೆ ಎಂದೂ ಹೇಳುತ್ತಾನೆ. ಮೀನು ತುಂಬಿ ದೋಣಿಗಳು ಮುಳುಗುವಂತಾದಾಗ ಅವನು ಲೆಕ್ಕ ಹಾಕಲಿಲ್ಲ. ಮೊಣಕಾಲೂರಿ, ನಾನು ಪಾಪಿ, ನನ್ನನ್ನು ಬಿಟ್ಟುಹೋಗು ಎಂದ.

ಇದು ದುಡುಕಲ್ಲ. ತನ್ನ ಕಸುಬಿನ ಅನುಭವವನ್ನೆಲ್ಲ ಬದಿಗಿಟ್ಟು ಒಬ್ಬರ ಮಾತನ್ನು ನಂಬುವುದು ಕಸುಬುದಾರನಿಗೆ ಎಷ್ಟು ಕಷ್ಟ ಎಂಬುದು ಕಸುಬುದಾರರಿಗೇ ಗೊತ್ತು. ಅವನ ಬೆಳವಣಿಗೆ ಬರಿಗೈಯಿಂದ ಶುರುವಾಯಿತು ಎಂದು ದಯವಿಟ್ಟು ಹೇಳಬೇಡಿ.

ನೆರೆಮನೆ_ಓದುಗ

ನಾನು ಕ್ರೈಸ್ತನಲ್ಲ, ಸಾಹಿತ್ಯದ ಆಸಕ್ತಿಯಿಂದ ಸುವಾರ್ತೆಗಳನ್ನು ಓದಿದವನು. ಒಂದು ವಿಷಯ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಪೇತ್ರನು ಆದಿಸಭೆಯ ಮುಖಂಡ. ತಮ್ಮ ಮುಖಂಡನ ಇಂಥ ಸೋಲುಗಳನ್ನು, ಅದೂ ನಾಲ್ಕು ಸುವಾರ್ತೆಗಳಲ್ಲಿಯೂ, ಅನುಯಾಯಿಗಳು ಏಕೆ ಉಳಿಸಿಕೊಂಡರು? ಬಿಟ್ಟುಬಿಡಲು ಅವರಿಗೆ ಯಾವ ಅಡ್ಡಿ ಇತ್ತು?

ಗ್ರೀಕ್_ಪಾಠ

ನೆರೆಮನೆ_ಓದುಗ ಅವರೇ, ನಿಮ್ಮ ಪ್ರಶ್ನೆಗೆ ಒಂದು ಹಳೆಯ ಸಾಕ್ಷಿ ಇದೆ. ಎರಡನೆಯ ಶತಮಾನದ ಆರಂಭದಲ್ಲಿದ್ದ ಹಿಯೆರಾಪೊಲಿಸ್‌ನ ಸಭಾಧ್ಯಕ್ಷ ಪಾಪಿಯಾಸನು, ಮಾರ್ಕನು ಪೇತ್ರನ ದುಭಾಷಿಯಾಗಿದ್ದು ಅವನು ನೆನಪಿಸಿಕೊಂಡು ಹೇಳಿದ್ದನ್ನು ಬರೆದಿಟ್ಟನೆಂದು ಹೇಳುತ್ತಾನೆ. ಆ ಮಾತನ್ನು ನಾಲ್ಕನೆಯ ಶತಮಾನದ ಚರಿತ್ರೆಕಾರ ಯುಸೇಬಿಯಸನು ನಮಗೆ ಉಳಿಸಿಕೊಟ್ಟಿದ್ದಾನೆ. ಈಗಿನ ವಿದ್ವಾಂಸರೆಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಕನನ್ನೂ ಮತ್ತಾಯನನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪೇತ್ರನು ನೀರಿನ ಮೇಲೆ ನಡೆದದ್ದು ಮತ್ತಾಯನಲ್ಲಿದೆ, ಮಾರ್ಕನಲ್ಲಿಲ್ಲ. ಫಿಲಿಪ್ಪನ ಕೈಸರೈಯದ ಸೀಮೆಯಲ್ಲಿ "ನೀನು ಧನ್ಯನು, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು" ಎಂಬ ಹೊಗಳಿಕೆ ಮತ್ತಾಯನಲ್ಲಿದೆ, ಮಾರ್ಕನಲ್ಲಿಲ್ಲ. ಅದರ ಬೆನ್ನಿಗೇ ಬಂದ "ಸೈತಾನನೇ, ನನ್ನ ಹಿಂದಕ್ಕೆ ಹೋಗು" ಎಂಬ ಗದರಿಕೆ ಮಾತ್ರ ಮಾರ್ಕನಲ್ಲಿಯೂ ಇದೆ. ಅಂಗಳದ ನಿರಾಕರಣೆಯಂತೂ ಕೋಳಿ ಎರಡು ಸಲ ಕೂಗಿದ ವಿವರದೊಂದಿಗೆ ಇದೆ.

ಪಾಪಿಯಾಸನ ಮಾತು ನಿಜವಾಗಿದ್ದರೆ, ಮುಪ್ಪಿನಲ್ಲಿ ತನ್ನ ಕಥೆಯನ್ನು ಹೇಳುವಾಗ ಪೇತ್ರನು ತನ್ನ ಹೊಗಳಿಕೆಯನ್ನು ನುಂಗಿಕೊಂಡು ಗದರಿಕೆಯನ್ನು ಉಳಿಸಿದ. ಟೀಚರ್ ಕೇಳಿದ ಬೆಳವಣಿಗೆಗೆ ಇದಕ್ಕಿಂತ ಹತ್ತಿರದ ಗುರುತು ನನಗೆ ಕಾಣುವುದಿಲ್ಲ.

ರಾಯಪ್ಪನ_ಮೊಮ್ಮಗ

ನನ್ನ ತಾತನ ಹೆಸರು ರಾಯಪ್ಪ. ಬೆಂಗಳೂರು ಮೈಸೂರು ಕಡೆಯ ಹಳೆಯ ಕಥೋಲಿಕ ಮನೆಗಳಲ್ಲಿ ಪೇತ್ರನಿಗೆ ರಾಯಪ್ಪನೆಂದೂ ಪೌಲನಿಗೆ ಚಿನ್ನಪ್ಪನೆಂದೂ ಹೆಸರು. ತಮಿಳಿನಲ್ಲಿಯೂ ಇದೇ ಹೆಸರುಗಳು ಬಳಕೆಯಲ್ಲಿವೆ. ತಾತನು ತನ್ನ ಹೆಸರಿನ ಸಂತನನ್ನು ಬಹಳ ಪ್ರೀತಿಸುತ್ತಿದ್ದರು, ಆದರೆ ಅವರು ನಮಗೆ ಹೇಳುತ್ತಿದ್ದದ್ದು ಬೀಗದ ಕೈಗಳ ಕಥೆಯನ್ನಲ್ಲ, ಎರಡು ಬಾಗಿಲುಗಳ ಕಥೆಯನ್ನು.

ಮೊದಲನೆಯದು ಮಹಾಯಾಜಕನ ಮನೆಯ ಬಾಗಿಲು. ಅಲ್ಲಿ ಬಾಗಿಲು ಕಾಯುವ ಹುಡುಗಿ ಅವನನ್ನು ಗುರುತಿಸಿದಳು, ಅವನು ಅಲ್ಲವೆಂದ. ಮತ್ತಾಯನ ಪ್ರಕಾರ ಅವನ ಗಲಿಲಾಯದ ಮಾತಿನ ರೀತಿಯೇ ಅವನನ್ನು ಹಿಡಿದುಕೊಟ್ಟಿತು. ಎರಡನೆಯದು ಪ್ರೇಷಿತರ ಕಾರ್ಯಕಲಾಪಗಳ ಹನ್ನೆರಡನೆಯ ಅಧ್ಯಾಯದಲ್ಲಿದೆ. ಹೆರೋದನ ಸೆರೆಮನೆಯಿಂದ ಬಿಡುಗಡೆಯಾಗಿ ರಾತ್ರಿಯಲ್ಲಿ ಮಾರ್ಕನ ತಾಯಿ ಮರಿಯಳ ಮನೆಯ ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಸೇವಕಿ ಬಂದು, ಬಾಗಿಲು ತೆರೆಯುವ ಮೊದಲೇ ಅವನ ಧ್ವನಿಯನ್ನು ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿಹೋಗುತ್ತಾಳೆ. ಅವನು ಹೊರಗೇ ನಿಂತು ತಟ್ಟುತ್ತಲೇ ಇರುತ್ತಾನೆ. ಒಂದು ಬಾಗಿಲಲ್ಲಿ ಅವನನ್ನು ನಡುಗಿಸಿದ ಅದೇ ದನಿ, ಇನ್ನೊಂದು ಬಾಗಿಲಲ್ಲಿ ಒಂದು ಮನೆಯನ್ನೇ ಕುಣಿಸಿತು ಎಂದು ತಾತ ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು.

ಆ ಬಿಡುಗಡೆಯ ಹಿಂದಿನ ಗಳಿಗೆಯನ್ನೂ ನೋಡಿ. ಮರುದಿನ ಅವನನ್ನು ಹೊರಗೆ ತರಬೇಕೆಂದಿದ್ದ ರಾತ್ರಿ ಇಬ್ಬರು ಸಿಪಾಯಿಗಳ ನಡುವೆ ಎರಡು ಸರಪಣಿಗಳಿಂದ ಬಂಧಿತನಾಗಿ ಅವನು ನಿದ್ದೆ ಮಾಡುತ್ತಿದ್ದ. ದೇವದೂತನು ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಗೆತ್ಸೇಮನೆಯ ನಿದ್ದೆಯೂ ಅವನದೇ, ಈ ನಿದ್ದೆಯೂ ಅವನದೇ.

ಹಳೇದಾರಿ

ಎರಡು ಬಾಗಿಲುಗಳ ಹೋಲಿಕೆ ನನಗೆ ಹೊಸದು, ಮನಸ್ಸಿಗೆ ತಾಗಿತು. ಆದರೆ ನೀವೆಲ್ಲರೂ ಸೆರೆಮನೆ, ನ್ಯಾಯಸಭೆ, ಹಿಂಸೆಗಳ ಮುಂದೆ ಅವನು ಎಷ್ಟು ಧೈರ್ಯಶಾಲಿಯಾದ ಎಂಬುದನ್ನೇ ತೋರಿಸುತ್ತಿದ್ದೀರಿ. ಅದನ್ನು ನಾನು ಮೊದಲೇ ಒಪ್ಪಿದ್ದೇನೆ. ಮಹಾಯಾಜಕರಾದ ಅನ್ನನೂ ಕಾಯಫನೂ ಕುಳಿತಿದ್ದ ಸಭೆಯ ಮುಂದೆಯೇ, ಅಂದರೆ ಯಾರ ಅಂಗಳದಲ್ಲಿ ತತ್ತರಿಸಿದ್ದನೋ ಅವರ ಮುಂದೆಯೇ, ಅವನು ನಿರ್ಭಯವಾಗಿ ಮಾತನಾಡಿದ; ಓದು ಬರಹ ಕಲಿಯದ ಸಾಮಾನ್ಯರು ಎಂದು ಅವರು ಬೆರಗಾದರು. ವೈರಿಯ ಮುಂದೆ ನಿಲ್ಲಲು ಕಲಿತವನು ತನ್ನವರ ಮುಂದೆ ಏಕೆ ನಿಲ್ಲಲಾರದೇ ಹೋದ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಪಂಕ್ತಿಭೇದ ಎಂದರೇನು ಎಂದು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಊರಿನ ಸಭೆಯ ಹಬ್ಬದ ಊಟದಲ್ಲಿ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ನಮ್ಮ ಮನೆಯವರು ಎರಡನೆಯ ಸರದಿಗೇ ಕೂರುತ್ತಿದ್ದೆವು. ಆ ಸಭೆಯ ಒಬ್ಬ ಹಿರಿಯರು ವಾರದ ದಿನಗಳಲ್ಲಿ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದವರು. ಹಬ್ಬದ ದಿನ ಪಟ್ಟಣದಿಂದ ಅವರ ಬಂಧುಗಳು ಬಂದಿದ್ದರೆ ಮಾತ್ರ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ನಮ್ಮಪ್ಪನ ಕಾಯಿಲೆಯಲ್ಲಿ ರಾತ್ರಿಯೆಲ್ಲ ಕುಳಿತವರು. ಆದರೆ ಆ ತಿರುಗಿ ನೋಡದ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಗಲಾತ್ಯದವರಿಗೆ ಬರೆದದ್ದನ್ನು ಓದುವಾಗ ನನಗೆ ಪೇತ್ರನ ಮುಖ ಕಾಣುವುದು ಹಾಗೆಯೇ.

ನಿವೃತ್ತ_ದಾದಿ

ಹಳೇದಾರಿ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಉತ್ತರವೆಂದು ಅಲ್ಲ, ನನ್ನ ಅನುಭವವೊಂದನ್ನು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ವಾರ್ಡಿನಲ್ಲಿ ನಾನು ಮಾಡಿದ ತಪ್ಪೊಂದಕ್ಕೆ ನನಗಿಂತ ಚಿಕ್ಕವಳಾದ ಒಬ್ಬಳನ್ನು ಎಲ್ಲರೆದುರು ಬೈದರು. ನಾನು ಅಲ್ಲಿಯೇ ಇದ್ದೆ, ಬಾಯಿ ತೆರೆಯಲಿಲ್ಲ. ರೋಗಿಗೆ ಏನೂ ಆಗಲಿಲ್ಲ ಎಂಬುದು ಬೇರೆ ಮಾತು. ಸಾಂಕ್ರಾಮಿಕ ರೋಗದ ವಾರ್ಡಿಗೆ ಹೋಗಲು ಯಾರೂ ಮುಂದೆ ಬಾರದಿದ್ದಾಗ ಹೋದವಳು ನಾನೇ, ಸಾವಿಗೆ ಹೆದರಿದವಳಲ್ಲ. ಜೊತೆಯವರು ನನ್ನನ್ನು ಏನೆಂದುಕೊಳ್ಳುತ್ತಾರೋ ಎಂಬುದಕ್ಕೆ ಹೆದರಿದೆ. ಈ ಎರಡು ಭಯಗಳು ಬೇರೆಬೇರೆ ಬೇರುಗಳಿಂದ ಬರುತ್ತವೆ, ಒಂದು ಒಣಗಿದರೆ ಇನ್ನೊಂದು ತಾನಾಗಿ ಒಣಗುವುದಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಒಪ್ಪಿಕೊಂಡೆ. ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆದ್ದರಿಂದ ಲೂಕನು ಮಾತ್ರ ಬರೆದಿರುವ ಆ ಒಂದು ಸಾಲನ್ನು ನನಗೆ ದಾಟಿ ಹೋಗಲು ಆಗುವುದಿಲ್ಲ. ಕೋಳಿ ಕೂಗಿದಾಗ ಕರ್ತನು ಹಿಂತಿರುಗಿಕೊಂಡು ಪೇತ್ರನನ್ನು ದೃಷ್ಟಿಸಿ ನೋಡಿದನು. ಮಾತಿಲ್ಲ. ಯೂದನೂ ಆ ರಾತ್ರಿ ದ್ರೋಹ ಮಾಡಿದ, ಅವನೂ ಪಶ್ಚಾತ್ತಾಪಪಟ್ಟ, ಹಣವನ್ನೂ ಹಿಂದಕ್ಕೆ ಎಸೆದ. ಆದರೆ ಅವನು ಒಬ್ಬನೇ ಹೋದ. ಪೇತ್ರನು ಅತ್ತ ಮೇಲೆ ಉಳಿದ ಶಿಷ್ಯರ ನಡುವೆಯೇ ಬಂದು ಕುಳಿತ. ತನ್ನ ಸುಳ್ಳು ಅವರಿಗೆಲ್ಲ ಗೊತ್ತಾಗುತ್ತದೆ ಎಂದು ತಿಳಿದೂ ಬಂದು ಕುಳಿತ. ಮೂರನೆಯ ದಿನ ಸಮಾಧಿಯ ಬಳಿ ಹೆಂಗಸರಿಗೆ ಸಿಕ್ಕ ಸಂದೇಶದಲ್ಲಿ "ಅವನ ಶಿಷ್ಯರಿಗೂ ಪೇತ್ರನಿಗೂ ತಿಳಿಸಿರಿ" ಎಂದು ಮಾರ್ಕನು ಬರೆದಿದ್ದಾನೆ. ಅವನ ಹೆಸರನ್ನು ಬೇರೆಯಾಗಿ ಹೇಳಬೇಕಾಗಿ ಬಂತಲ್ಲ!

ಕಡಲಮಗ

ದಾದಿ ಅಮ್ಮನವರೇ, ಆ ಕೊನೆಯ ಮಾತಿಗೆ ನಮಸ್ಕಾರ.

ಬೆಟ್ಟದ_ದಾರಿ

ಈ ವಿಷಯದಲ್ಲಿ ಯೋಹಾನನ 21ನೆಯ ಅಧ್ಯಾಯವೇ ಕೀಲಿ. ಯೇಸು ಎರಡು ಸಲ 'ಅಗಾಪೆ' ಎಂಬ ದೈವಿಕ ಪ್ರೀತಿಯ ಮಾತಿನಿಂದ ಕೇಳುತ್ತಾನೆ. ಪೇತ್ರನು 'ಫಿಲಿಯ' ಎಂಬ ಬರೀ ಸ್ನೇಹದ ಮಾತಿನಿಂದ ಉತ್ತರಿಸುತ್ತಾನೆ. ಮೂರನೆಯ ಸಲ ಯೇಸು ತಾನೇ ಕೆಳಗಿಳಿದು ಫಿಲಿಯ ಎಂದು ಕೇಳುತ್ತಾನೆ. ಅಂದರೆ ಪೇತ್ರನು ಇನ್ನೂ ಪೂರ್ತಿ ಬೆಳೆದಿರಲಿಲ್ಲ ಎಂಬುದು ಗ್ರೀಕ್ ಭಾಷೆಯಿಂದಲೇ ಸಿದ್ಧವಾಗುತ್ತದೆ.

ಗ್ರೀಕ್_ಪಾಠ

ಬೆಟ್ಟದ_ದಾರಿ ಅವರೇ, ಕ್ರಿಯಾಪದಗಳು ಬದಲಾಗುವುದು ನಿಜ, ಅದರಿಂದ ನೀವು ತೆಗೆದ ತೀರ್ಮಾನವನ್ನು ನಾನು ಒಪ್ಪಲಾರೆ. ಯೋಹಾನನು ಈ ಎರಡೂ ಕ್ರಿಯಾಪದಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುತ್ತಾನೆ. ತಂದೆಯು ಮಗನನ್ನು ಪ್ರೀತಿಸುತ್ತಾನೆ ಎಂಬುದಕ್ಕೆ ಮೂರನೆಯ ಅಧ್ಯಾಯದಲ್ಲಿ ಒಂದನ್ನು, ಐದನೆಯ ಅಧ್ಯಾಯದಲ್ಲಿ ಇನ್ನೊಂದನ್ನು ಬಳಸಿದ್ದಾನೆ. ತಂದೆಯ ಪ್ರೀತಿ ನಡುವೆ ಕಡಿಮೆಯಾಯಿತು ಎಂದು ನಾವು ಹೇಳುತ್ತೇವೆಯೇ?

ಆ ಅಧ್ಯಾಯದಲ್ಲಿ ಗಟ್ಟಿಯಾಗಿ ಹಿಡಿಯಬಹುದಾದದ್ದು ಎರಡಿವೆ. ಒಂದು ಬೆಂಕಿ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಕೆಂಡದ ಬೆಂಕಿಗೆ ಇರುವ 'ಅಂಥ್ರಾಕಿಯ' ಎಂಬ ಪದ ಬರುವುದು ಎರಡೇ ಕಡೆ: ಪೇತ್ರನು ಚಳಿ ಕಾಯಿಸಿಕೊಳ್ಳುತ್ತಾ ಸುಳ್ಳು ಹೇಳಿದ ಅಂಗಳದಲ್ಲಿ, ಮತ್ತು ಈ ದಡದಲ್ಲಿ ಮೀನು ಸುಡುತ್ತಿದ್ದಲ್ಲಿ. ದಡಕ್ಕೆ ಇನ್ನೂರು ಮೊಳ ದೂರದಿಂದ ನೀರಿಗೆ ಹಾರಿ ಬಂದವನಿಗೆ, ಮೈ ಒದ್ದೆಯಾಗಿರುವಾಗಲೇ, ಮೊದಲು ಮೂಗಿಗೆ ಬಡಿದದ್ದು ಅದೇ ಹೊಗೆ.

ಇನ್ನೊಂದು "ಇವರಿಗಿಂತ ಹೆಚ್ಚಾಗಿ" ಎಂಬ ಮಾತು. ಕಡೆಯ ರಾತ್ರಿ ಅವನು, ಎಲ್ಲರೂ ಬಿಟ್ಟುಹೋದರೂ ನಾನು ಬಿಡುವುದಿಲ್ಲ ಎಂದು ತನ್ನನ್ನು ಮಿಕ್ಕವರ ಪಕ್ಕದಲ್ಲಿಟ್ಟು ಅಳೆದಿದ್ದ. ಈಗ ಯೇಸು ಅದೇ ಅಳತೆಗೋಲನ್ನು ಕೈಗೆ ಕೊಟ್ಟು, "ಇವರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುತ್ತೀಯೋ?" ಎಂದು ಕೇಳಿದಾಗ ಅವನು ಅದನ್ನು ಮುಟ್ಟುವುದಿಲ್ಲ. ಹೌದು ಎನ್ನುತ್ತಾನೆ, ಹೆಚ್ಚು ಎನ್ನುವುದಿಲ್ಲ. ನಾನು ಬಲ್ಲೆ ಎನ್ನುವುದೂ ಇಲ್ಲ, ನೀನೇ ಬಲ್ಲೆ ಎನ್ನುತ್ತಾನೆ.

ಬೆಟ್ಟದ_ದಾರಿ

ಐದನೆಯ ಅಧ್ಯಾಯವನ್ನು ತೆರೆದು ನೋಡಿದೆ, ನೀವು ಹೇಳಿದ್ದು ಸರಿ. ಅನೇಕ ವರ್ಷಗಳಿಂದ ಬೋಧನೆಗಳಲ್ಲಿ ಕೇಳಿದ್ದನ್ನೇ ಹೇಳಿದ್ದೆ, ಹಿಂತೆಗೆದುಕೊಳ್ಳುತ್ತೇನೆ. ಹಾಗಾದರೆ ಅವನ ಪತ್ರಿಕೆಗಳನ್ನು ಏಕೆ ಯಾರೂ ಎತ್ತುತ್ತಿಲ್ಲ? ಎರಡನೆಯ ಪತ್ರಿಕೆಯ ಕೊನೆಯಲ್ಲಿ "ನಮ್ಮ ಪ್ರಿಯ ಸಹೋದರನಾದ ಪೌಲನು" ಎಂದು ಇದೆಯಲ್ಲ. ಎಲ್ಲರ ಮುಂದೆ ತನ್ನನ್ನು ಖಂಡಿಸಿದವನನ್ನು ಹಾಗೆ ಕರೆಯುವುದೇ ಹಳೇದಾರಿ ಅವರಿಗೆ ಉತ್ತರವಾಗುವುದಿಲ್ಲವೇ?

ಗ್ರೀಕ್_ಪಾಠ

ಆ ಮಾತು ನನಗೂ ಪ್ರಿಯವೇ, ಆದರೆ ಸಾಕ್ಷಿಯಾಗಿ ಅದರ ಮೇಲೆ ಪೂರ್ತಿ ಭಾರ ಹಾಕುವುದು ಬೇಡ. ಎರಡನೆಯ ಪತ್ರಿಕೆಯನ್ನು ಪೇತ್ರನೇ ಬರೆದನೇ ಎಂಬ ಸಂದೇಹ ಪ್ರಾಚೀನ ಸಭೆಯಲ್ಲಿಯೇ ಇತ್ತು, ಇಂದಿನ ಬಹುಪಾಲು ವಿದ್ವಾಂಸರು ಇಲ್ಲವೆನ್ನುತ್ತಾರೆ. ಮೊದಲನೆಯ ಪತ್ರಿಕೆಯ ವಿಷಯದಲ್ಲಿಯೂ ಚರ್ಚೆ ಉಂಟು, ಸಿಲ್ವಾನನ ಕೈಯಿಂದ ಬರೆಸಿದ್ದೆಂದು ಅದರಲ್ಲಿಯೇ ಇದೆ. ಅದರ ಐದನೆಯ ಅಧ್ಯಾಯ ಮಾತ್ರ ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುತ್ತದೆ. ಸಭೆಯ ಹಿರಿಯರಿಗೆ ಬುದ್ಧಿ ಹೇಳುವಾಗ ಅವನು ತನ್ನನ್ನು ಅವರ ಜೊತೆಯ ಹಿರಿಯನೆಂದು ಕರೆದುಕೊಳ್ಳುತ್ತಾನೆ, ಮಂದೆಯ ಮೇಲೆ ದೊರೆತನ ಮಾಡಬೇಡಿರಿ ಎನ್ನುತ್ತಾನೆ. ಆಮೇಲೆ, ದೀನತೆಯನ್ನು ತೊಟ್ಟುಕೊಳ್ಳಿರಿ ಎನ್ನುವಲ್ಲಿ ಬಳಸಿದ ಕ್ರಿಯಾಪದಕ್ಕೆ ಆಳುಗಳು ಕೆಲಸದ ಬಟ್ಟೆಯನ್ನು ಸೊಂಟಕ್ಕೆ ಗಂಟು ಹಾಕಿಕೊಳ್ಳುವ ಅರ್ಥವಿದೆ. ನಡುವಿಗೆ ಬಟ್ಟೆ ಸುತ್ತಿಕೊಂಡು ತನ್ನ ಕಾಲ ಬಳಿ ಬೋಗುಣಿ ಇಟ್ಟವರನ್ನು, ನನ್ನ ಕಾಲನ್ನು ನೀನು ಎಂದಿಗೂ ತೊಳೆಯಬಾರದು ಎಂದು ತಡೆದವನು ಅದೇ ಪೇತ್ರ. ಅದನ್ನು ನೆನೆದು ಬರೆದದ್ದೆಂದು ಹಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ನನಗೂ ಹಾಗೆಯೇ ಅನಿಸುತ್ತದೆ.

ರಾಯಪ್ಪನ_ಮೊಮ್ಮಗ

ಹಳೇದಾರಿ ಅವರಿಗೆ ನನ್ನದೊಂದು ಉತ್ತರ. ಅಂತಿಯೋಕ್ಯದ ಜಗಳ ಯೆರೂಸಲೇಮಿನ ಸಭೆಗಿಂತ ಮೊದಲು ನಡೆಯಿತೇ ಆಮೇಲೆ ನಡೆಯಿತೇ ಎಂಬುದರಲ್ಲಿ ವಿದ್ವಾಂಸರು ಎರಡು ಪಾಲಾಗಿದ್ದಾರೆ. ನಾನು ಮೊದಲು ಎನ್ನುವವರ ಕಡೆ. ಕ್ರಿ.ಶ. 49ರ ಸುಮಾರಿನ ಆ ಸಭೆಯಲ್ಲಿ ಅನ್ಯಜನರಿಗೆ ಸುನ್ನತಿಯ ನೊಗ ಹೊರಿಸಬಾರದೆಂದು ಎದ್ದು ವಾದಿಸಿದವನು ಪೇತ್ರನೇ. ಅವನ ಕಡೆಯ ವಾಕ್ಯವನ್ನು ನಿಧಾನವಾಗಿ ಓದಿ. ನಾವು ಹೇಗೋ ಹಾಗೆಯೇ ಅವರೂ ರಕ್ಷಣೆ ಹೊಂದುವರು ಎಂದು ಅವನು ಹೇಳುವುದಿಲ್ಲ. ಅವರು ಹೇಗೋ ಹಾಗೆಯೇ ನಾವೂ ಕರ್ತನಾದ ಯೇಸುವಿನ ಕೃಪೆಯಿಂದಲೇ ರಕ್ಷಣೆ ಹೊಂದುವೆವು ಎನ್ನುತ್ತಾನೆ. ಎರಡನೆಯ ಸರದಿಗೆ ಕೂರಿಸಿದ್ದವರನ್ನು ಮೊದಲನೆಯ ಸರದಿಗೆ ತಂದು, ತನ್ನವರನ್ನು ಅವರ ಹಿಂದೆ ಕೂರಿಸಿದ. ಅದೂ ತನ್ನವರೆಲ್ಲರ ಮುಂದೆಯೇ, ಯಾಕೋಬನ ಮುಂದೆಯೇ.

ನಮ್ಮಲ್ಲಿ ಜೂನ್ 29ರಂದು ಪೇತ್ರ ಪೌಲರಿಬ್ಬರ ಹಬ್ಬವನ್ನೂ ಒಂದೇ ದಿನ ಆಚರಿಸುತ್ತೇವೆ. ಅಂತಿಯೋಕ್ಯದಲ್ಲಿ ಎದುರುಬದುರು ನಿಂತವರು ಒಂದೇ ಪೀಠದ ಮೇಲೆ ನಿಂತಿರುತ್ತಾರೆ.

ಹಳೇದಾರಿ

ನಾನು ಆಮೇಲೆ ಎನ್ನುವವರ ಕಡೆ, ಆದ್ದರಿಂದ ನಿಮ್ಮ ಕಾಲಕ್ರಮವನ್ನು ಒಪ್ಪಲಾರೆ. ಗಲಾತ್ಯದ ಎರಡನೆಯ ಅಧ್ಯಾಯದ ಮೊದಲ ಹತ್ತು ವಚನಗಳಲ್ಲಿರುವ ಯೆರೂಸಲೇಮಿನ ಭೇಟಿಯೇ ಆ ಸಭೆ ಎಂದು ಓದಿದರೆ ಅಂತಿಯೋಕ್ಯದ ಜಗಳ ಅದರ ನಂತರವೇ ಬರುತ್ತದೆ. ಆದರೂ ಆ ವಾಕ್ಯದ ಕ್ರಮವನ್ನು ನಾನು ಗಮನಿಸಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷಗಳಿಂದ ಓದುತ್ತಿದ್ದೇನೆ, 'ಅವರು ಹೇಗೋ ಹಾಗೆಯೇ ನಾವೂ' ಎಂಬುದನ್ನು ಮನಸ್ಸು ತಾನಾಗಿಯೇ ತಿರುಗಿಸಿ ಓದಿಕೊಂಡಿತ್ತು.

ನನ್ನ ತಕರಾರು ಇಷ್ಟಕ್ಕೇ ಮುಗಿಯಿತೆಂದಲ್ಲ. ಪೌಲನು ಖಂಡಿಸಿದಾಗ ಪೇತ್ರನು ಏನು ಹೇಳಿದ ಎಂಬುದನ್ನು ಪೌಲನು ಬರೆದಿಲ್ಲ. ಅದನ್ನು ನಾವು ನಮಗೆ ಬೇಕಾದಂತೆ ತುಂಬಿಕೊಳ್ಳಬಾರದು.

ನಿವೃತ್ತ_ದಾದಿ

ಅವನ ಕೊನೆಯ ದಿನಗಳನ್ನೂ ಮಕ್ಕಳಿಗೆ ಹೇಳಿ ಟೀಚರ್. ನಾವು ವಯಸ್ಸಾದವರು ಆ ಮಾತನ್ನು ಬೇರೆ ಕಿವಿಯಿಂದ ಕೇಳುತ್ತೇವೆ. ನೀನು ಯೌವನಸ್ಥನಾಗಿದ್ದಾಗ ನೀನೇ ನಡುಕಟ್ಟಿಕೊಂಡು ಇಷ್ಟಬಂದ ಕಡೆಗೆ ಹೋಗುತ್ತಿದ್ದಿ, ಮುದುಕನಾದಾಗ ನಿನ್ನ ಕೈಗಳನ್ನು ಚಾಚುವಿ, ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಹೊತ್ತುಕೊಂಡು ಹೋಗುವನು ಎಂದು ಆ ದಡದಲ್ಲಿಯೇ ಅವನಿಗೆ ಹೇಳಲಾಯಿತು. ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಅವನು ಪ್ರಾಣ ಕೊಟ್ಟನೆಂಬುದು ಸಭೆಯ ಬಹು ಹಳೆಯ ನೆನಪು. ತಲೆಕೆಳಗಾಗಿ ಶಿಲುಬೆಗೆ ಏರಿದನೆಂಬುದು ಆಮೇಲಿನ ಬರಹಗಳಿಂದ ಬಂದದ್ದು. ಆ ಮಾತನ್ನು ಕೇಳಿದ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷಗಳು, ತನ್ನ ಸಾವು ಹೇಗಿರುತ್ತದೆಂದು ತಿಳಿದುಕೊಂಡೇ ಅವನು ಓಡಾಡಿದ. ಒಬ್ಬನೇ ಅಲ್ಲ, ಹೆಂಡತಿಯನ್ನೂ ಕರೆದುಕೊಂಡು ಓಡಾಡಿದ. ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಅದನ್ನು ಹೇಳಿದ್ದಾನೆ.

ನೆರೆಮನೆ_ಓದುಗ

ಟೀಚರ್, ಭಾನುವಾರ ಕಳೆಯಿತು. ತರಗತಿಯಲ್ಲಿ ಏನಾಯಿತು ಎಂದು ತಿಳಿಸಬಹುದೇ?

ಭಾನುವಾರ_ಶಾಲೆ

ತಡವಾಗಿದ್ದಕ್ಕೆ ಕ್ಷಮಿಸಿ. ನೀವು ಬರೆದದ್ದನ್ನೆಲ್ಲ ಎರಡು ಸಲ ಓದಿಕೊಂಡೇ ಹೋದೆ. ಹಲಗೆಯ ಮೇಲಿನ ಗೆರೆಯನ್ನು ಮಕ್ಕಳ ಮುಂದೆಯೇ ಒರೆಸಿದೆ. ಆಮೇಲೆ ಪಾಠ ಹೇಳುವ ಬದಲು ಅಂತಿಯೋಕ್ಯದ ಊಟವನ್ನು ಮಾಡಿ ತೋರಿಸಿ ಎಂದೆ. ಬೆಂಚುಗಳನ್ನು ಸರಿಸಿ, ಚಾಪೆ ಹಾಸಿ, ಹಿಂದಿನ ದಿನದ ಹುಟ್ಟುಹಬ್ಬದಲ್ಲಿ ಉಳಿದಿದ್ದ ಕಾಗದದ ತಟ್ಟೆಗಳನ್ನು ಇಟ್ಟುಕೊಂಡು ಎಂಟು ಮಕ್ಕಳು ಕುಳಿತರು. ಆ ಹುಡುಗಿಯೇ ಪೇತ್ರ. ಬಾಗಿಲಿನಿಂದ ಮೂವರು ಒಳಗೆ ಬಂದರು. ಅವಳು ಅವರನ್ನು ನೋಡಿ, ಪಕ್ಕದಲ್ಲಿದ್ದ ಚಿಕ್ಕ ಹುಡುಗನ ತಟ್ಟೆಯಿಂದ ತನ್ನ ಕೈಯನ್ನು ಮೆಲ್ಲನೆ ಹಿಂದೆ ತೆಗೆದುಕೊಂಡು ಎದ್ದಳು. ಬಾರ್ನಬನಾಗಿದ್ದವನೂ ಎದ್ದ. ಆ ಚಿಕ್ಕ ಹುಡುಗನು ನಟನೆ ಎಂಬುದನ್ನು ಮರೆತು, "ಅಕ್ಕಾ, ಎಲ್ಲಿಗೆ?" ಎಂದು ಕೇಳಿಬಿಟ್ಟ.

ಪೌಲನಾಗಿದ್ದವನು ತನ್ನ ಮಾತನ್ನು ಜೋರಾಗಿಯೇ ಹೇಳಿದ. ಮುಂದೇನು ಎಂದು ಅವಳು ನನ್ನ ಕಡೆ ನೋಡಿದಳು. ಪುಸ್ತಕದಲ್ಲಿ ಮುಂದೆ ಬರೆದಿಲ್ಲ ಎಂದೆ. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಆರಾಧನೆಯ ಗಂಟೆ ಹೊಡೆದಾಗ ಮಿಕ್ಕ ಮಕ್ಕಳು ಎದ್ದು ಓಡಿದರು. ಅವಳು ಮಾತ್ರ ಚಾಪೆಯ ಮೇಲೆ ಮತ್ತೆ ಕುಳಿತು, ಆ ಹುಡುಗನ ತಟ್ಟೆಯನ್ನು ತನ್ನ ತಟ್ಟೆಯ ಪಕ್ಕಕ್ಕೆ ಎಳೆದಿಟ್ಟು, ಆಮೇಲೆ ಎದ್ದು ಬಂದಳು.